ಫ್ರಾಕಿನೊಳಗಿನ ತಾಟು

ಔರಾದ, ೧೭ ಏಪ್ರಿಲ್ ೨೦೧೬, ರವಿವಾರ

ಬರಗಾಲವೆಂದು ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟ ಹಾಕುತ್ತೇವೆ ಎಂದ ಸರಕಾರದವರೇ ಮೊನ್ನೆ ಶುಕ್ರವಾರ ನಮ್ಮ ಓಣಿಯ ಶಾಲೆಯ ಅಡುಗೆ ಕೋಣೆಗೆ ಬೀಗ ಜಡಿದರು.

ಊಟ ಇದ್ದಿದ್ದರೆ ಎದುರು ಮನೆಯ ಜನಾಬಾಯಿ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಇಂದು ಮಗಳೂ ಹೊರಟಳು. ಗಂಟಿನಲ್ಲಿ ಜೋಳದ ಹಿಟ್ಟು, ತವೆ, ಹೊದೆಯುವ ಕೌದಿ ಅಷ್ಟೇ. ಹೊರುವುದು ಕಡಿಮೆಯಾಗಲಿ ಎಂದು, ಇಂಥ ಬಿಸಿಲಿನಲ್ಲಿ, ಹುಡುಗಿಗೆ ಇದ್ದ ಫ್ರಾಕುಗಳನ್ನೆಲ್ಲ ಒಂದರ ಮೇಲೊಂದು ತೊಡಿಸಿದ್ದಳು. ಕಳಿಸಲು ನಾನೂ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅಲ್ಲಿ ಹುಡುಗಿ ಕೂರಲೇ ಇಲ್ಲ. ಜನಾಬಾಯಿ ಹೊಟ್ಟೆ ಮುಟ್ಟಿ ನೋಡಿದರೆ, ಒಳಗೆ ಶಾಲೆಯಲ್ಲಿ ಉಣ್ಣುವ ತಾಟು!

"ಏ ಹುಚ್ಚಿ, ವಜ್ಜಾ ಆಗ್ತದ, ಬ್ಯಾಡ ಅಂದಿದ್ದಿಲ್ಲೇನ?"

"ಅಲ್ಲಿ ಸಾಲ್ಯಾಗ ಉಣ್ಲಾಕ ಬೇಕಲ್ಲವ್ವಾ."

"ಕಾಕಾ, ನೀವೇ ಹೇಳ್ರಿ ಆಕೀಗಿ. ಅಲ್ಲಿ ಸಾಲಿ ಎಲ್ಲದರಿ?"

ಜನಾಬಾಯಿ ತಾಟನ್ನು ನನ್ನ ಕೈಗಿಟ್ಟು ಬಸ್ಸು ಹತ್ತಿದಳು. ಹುಡುಗಿ ಕಿಟಕಿಯಿಂದ ನನ್ನನ್ನಲ್ಲ, ತಾಟನ್ನೇ ನೋಡುತ್ತಿದ್ದಳು.

ಎಪ್ಪತ್ತೆರಡರ ಬರದಲ್ಲಿ ಇದೇ ಶಾಲೆಯ ಅಂಗಳದಲ್ಲಿ ನಾನು ಗಂಜಿ ಉಂಡಿದ್ದೇನೆ. ಅಷ್ಟು ಬಡತನದಲ್ಲಿ ಆದದ್ದು ಈಗ ಯಾಕೆ ಆಗುವುದಿಲ್ಲ? ತಾಟು ಮೇಜಿನ ಮೇಲಿದೆ. ನಿದ್ದೆ ಬರುತ್ತಿಲ್ಲ. ನಾಳೆ ಇದನ್ನೇ ಹಿಡಿದು ತಾಲೂಕು ಕಚೇರಿಗೆ ಹೋಗುತ್ತೇನೆ. ಬೀಗ ಹಾಕಿಸಿದವರು ಯಾರು, ಯಾಕೆ ಹಾಕಿಸಿದರು? ಊರ ಮುಂದೆ ನಿಂತು ಹೇಳಲಿ.