ಮೂಕ ಹಿಮದ ವಿಷಯ

ಕಾನಾಕ್
ಏಪ್ರಿಲ್ ೭

ನನ್ನ ಮುದ್ದು ಪಿಪಾಲುಕ್,

ನೀನೂ ನಿನ್ನ ಹೊಟ್ಟೆಯಲ್ಲಿರುವ ಮಗಳೂ ನೂಕ್‌ನಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಮಗುವಿಗೆ ತೀರಿಹೋದ ಅಪ್ಪನ ಹೆಸರಿಡಲೇ ಎಂದು ಕೇಳಿದ್ದೆ. ಅಂಥ ಮಾತಿಗೆ ಅದೇ ದಿನ ಹೂಂ ಎನ್ನಬೇಕಾಗಿತ್ತು, ನಾನು ಎನ್ನಲಿಲ್ಲ. ಗಾಳಿ ಜೋರಿತ್ತು, ವಿಮಾನ ಬರಲಿಲ್ಲ ಎಂದು ನೆಪ ಹೇಳಬಹುದು. ಆದರೆ ವಿಮಾನ ನಾಲ್ಕು ಸಲ ಬಂದು ಹೋಯಿತು. ತಪ್ಪು ನನ್ನದೇ, ಬೈದುಕೋ. ಫೋನ್ ಮಾಡಿದರೆ ನಿನ್ನ ದನಿ ಕೇಳುತ್ತಿದ್ದಂತೆ ನಾನು ಚಳಿ ಗಾಳಿಯ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ಈಗಲೂ ವಾರಕ್ಕೆ ಮೂರು ದಿನ ಹೆಪ್ಪುಗಟ್ಟಿದ ಕೊಲ್ಲಿಗೆ ಹೋಗಿ, ಹಿಮಕ್ಕೆ ತೂತು ಕೊರೆದು, ನೀರೊಳಕ್ಕೆ ಮೈಕು ಇಳಿಸಿ ಕೇಳುತ್ತೇನೆ. ಮಂಡಿ ಬೇಡ ಎನ್ನುತ್ತದೆ, ಅದರ ಮಾತು ಯಾರು ಕೇಳುತ್ತಾರೆ! ಡೆನ್ಮಾರ್ಕಿನಲ್ಲಿ ಕೂತ ವಿಜ್ಞಾನಿ ಬಿರ್ಗಿಟ್ ನಾನು ಕಳಿಸುವ ಆ ಸದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಗೆರೆಗಳನ್ನಾಗಿ ಮಾಡುತ್ತಾಳೆ. ನನಗೆ ಗೆರೆಗಿಂತ ಕಿವಿಯೇ ವಾಸಿ. ಗಟ್ಟಿ ಹಿಮ ಚಳಿಗೆ ಬಿರಿಯುತ್ತದೆ, ನರಳುತ್ತದೆ, ಟಕಟಕ ಎನ್ನುತ್ತಲೇ ಇರುತ್ತದೆ. ಮಾರ್ಚ್ ಕೊನೆಯಿಂದ ಕೆಕೆರ್ತಾತ್ ಹಳ್ಳಿಗೆ ಹಿಮದ ಮೇಲೆ ಹೋಗುವ ನಾಯಿಬಂಡಿ ದಾರಿಯ ಕೆಳಗೆ ಆ ಸದ್ದು ನಿಂತುಹೋಗಿದೆ. ಅದರ ಬದಲು ಆಳದಿಂದ, ಬಾಣಲೆಯಲ್ಲಿ ಕೊಬ್ಬು ಕರಗುವಾಗಿನ ಹಾಗೆ ಚುರುಚುರು ಎನ್ನುತ್ತಿದೆ. ಅಲ್ಲಿ ಸಿಕ್ಕಿಕೊಂಡಿರುವ ಹಿಮಗುಡ್ಡಗಳು ಬುಡದಿಂದ ಕರಗಿ, ಒಳಗಿನ ಗಾಳಿಗುಳ್ಳೆಗಳು ಒಡೆಯುವ ಸದ್ದು ಅದು. ಅಂದರೆ ಕೆಳಗೆ ಬೆಚ್ಚಗಿನ ನೀರು ನುಗ್ಗಿದೆ. ಮೇಲೆ ನಿಂತವರಿಗೆ ಏನೂ ತಿಳಿಯುವುದಿಲ್ಲ, ಕೆಳಗೆ ಹಿಮ ಸವೆಯುತ್ತಿದೆ.

ನಿನ್ನಪ್ಪ ಹೋದ ವರ್ಷ ಬಂಡಿ ಸಮೇತ ಮುಳುಗಿದ್ದು ಅದೇ ದಾರಿಯಲ್ಲಿ. ಇನ್ನೊಬ್ಬರು ಮುಳುಗುವುದನ್ನು ನಾನು ನೋಡಲಾರೆ. ದಾರಿಯನ್ನು ಉತ್ತರದ ದಡಕ್ಕೆ ಸರಿಸಲೇಬೇಕು ಎಂದು ಪಟ್ಟು ಹಿಡಿದೆ. ಅಲ್ಲಿಂದ ಹೋದರೆ ಆರು ಗಂಟೆ ಹೆಚ್ಚಿಗೆ ಹಿಡಿಯುತ್ತದೆ. ಹಲಿಬಟ್ ಮೀನು ಚೆನ್ನಾಗಿ ಬೀಳುವ ಈ ದಿನಗಳಲ್ಲಿ ಯಾರಿಗೆ ಬೇಕು ಆ ಸುತ್ತು? ಶನಿವಾರ ಸಭೆ ಸೇರಿತು. ಎಲ್ಲರ ಕೈಯಲ್ಲೂ ಕಾಫಿ, ಎಲ್ಲರ ಮುಖದಲ್ಲೂ ಸಿಟ್ಟು.

ಮೊದಲು ಬಾಯಿ ತೆಗೆದವನು ನಿನ್ನ ಹಾನ್ಸೆರಾಕ್ ಚಿಕ್ಕಪ್ಪ. ಕೆಕೆರ್ತಾತ್‌ಗೆ ಮೀನಿಗೆ ಬಾ ಎಂದು ಅಪ್ಪನನ್ನು ಕರೆದವನು ಅವನೇ ಎಂದು ನೀನು ಅವನ ಫೋನ್ ಎತ್ತುವುದಿಲ್ಲ, ಗೊತ್ತು. ಆದರೂ ಅವನ ಮಾತು ಬರೆಯದೆ ಈ ಸುದ್ದಿ ಮುಗಿಯುವುದಿಲ್ಲ, ಸಹಿಸಿಕೋ.

"ಏನ್ ಅತ್ತಿಗೆ, ಹಿಮ ನಿನ್ ಕಿವೀಲಿ ಗುಟ್ಟು ಹೇಳ್ತಾ?" ಎಂದ.

"ಹೇಳ್ತು. ನಿನ್ನ ಗೊರಕೆ ನೀರಿನಡಿಗೂ ಕೇಳುತ್ತಂತೆ. ಸೀಲ್‌ಗಳು ನಿದ್ದೆಗೆಟ್ಟು ಕೆನಡಾ ಕಡೆ ಹೊರಟಿವೆಯಂತೆ" ಎಂದೆ.

ಸಭೆಯೆಲ್ಲ ನಕ್ಕಿತು. ಅವನು ಬಿಡಲಿಲ್ಲ. "ಆ ದಾರೀಲಿ ಇಪ್ಪತ್ತು ಕಡೆ ಕಬ್ಬಿಣದ ಕೋಲಲ್ಲಿ ಕುಟ್ಟಿದೀನಿ. ಒಂದು ಕಡೆನೂ ನೀರು ಬರಲಿಲ್ಲ."

"ಯಾವಾಗ ಕುಟ್ಟಿದ್ದು?"

"ಹೋದ್ ತಿಂಗಳು."

"ಹೋದ್ ತಿಂಗಳು ನನಗೂ ಮಂಡಿ ನೋವು ಇರಲಿಲ್ಲಪ್ಪ."

ಆಗ ಮುದುಕ ಯೋಸ್ವಾ ತನ್ನ ಬೆಂಚಿನಿಂದಲೇ ಕೇಳಿದ: "ಸದ್ದಿಲ್ಲ ಅಂದ್ರೆ ಶಾಂತ ಅಂತ ತಾನೇ ಅಮ್ಮ? ಶಾಂತ ಅಂದ್ರೆ ಒಳ್ಳೇದಲ್ವಾ?"

ಹಾನ್ಸೆರಾಕ್ ನಗು ನಿಲ್ಲಿಸಿ ನನ್ನ ಮುಖ ನೋಡಿದ. ನಮ್ಮವರಿಗೆ ಬೇಸಿಗೆಯಲ್ಲಿ ಸಮುದ್ರ ಶಾಂತ ಎಂದರೆ ದೋಣಿ ಇಳಿಸು ಎಂದೇ ಅರ್ಥ. ಅದೇ ಮಾತನ್ನು ಹಿಮಕ್ಕೂ ಅಂಟಿಸಿಕೊಂಡಿದ್ದೇವೆ. ನಾನೂ ಸದ್ದಿಲ್ಲದ ದಿನ ನನ್ನ ಪುಸ್ತಕದಲ್ಲಿ 'ಶಾಂತ' ಎಂದೇ ಬರೆದುಕೊಂಡು ಬಂದವಳು.

"ನೀರಿಗೆ ಆ ಮಾತು ಸರಿ ತಾತ. ಗಟ್ಟಿಮುಟ್ಟಾದ ಹಿಮ ಯಾವಾಗಲೂ ವಟಗುಟ್ಟುತ್ತೆ. ಇದು ಮೂಕ ಆಗಿದೆ" ಎಂದೆ. ಬಿರ್ಗಿಟ್ ಕಳಿಸಿದ ಗೆರೆಗಳ ಹಾಳೆ ಚೀಲದಲ್ಲೇ ಉಳಿಯಿತು. ಮೊದಲು ಮುದ್ರಿಸಿಕೊಂಡಿದ್ದ ಜನವರಿಯ ಸದ್ದು ಹಾಕಿದೆ, ಆಮೇಲೆ ಹೋದ ವಾರದ್ದು. ಎರಡನೆಯದರ ಚುರುಚುರು ಶುರುವಾದಾಗ ಲೋಟಗಳು ಒಂದೊಂದಾಗಿ ಕೆಳಗಿಳಿದವು.

"ಖಾತ್ರೀನಾ ಅತ್ತಿಗೆ?" ಎಂದ ಹಾನ್ಸೆರಾಕ್, ಮೆಲ್ಲಗೆ.

"ಖಾತ್ರಿ. ನೀವೆಲ್ಲ ಬೇಡ ಅಂದ್ರೂ ನಾಳೆ ಹಳೇ ದಾರೀಗೆ ಅಡ್ಡವಾಗಿ ಬಾವುಟ ನೆಡ್ತೀನಿ. ಕಿತ್ತು ಹಾಕಿದ್ರೆ ಮತ್ತೆ ನೆಡ್ತೀನಿ. ನನಗೇನು ಬೇರೆ ಕೆಲಸ ಇದೆ?"

"ಹಾಗಾದ್ರೆ ಹೊಸ ದಾರೀಲಿ ಮೊದಲ ಬಂಡಿ ನಂದು" ಎಂದು ಎದ್ದು ನಿಂತ. ಅವನ ಹಿಂದೆ ಉಳಿದವರೂ ಕೈ ಎತ್ತಿದರು, ಗೊಣಗುತ್ತಲೇ.

ಮರುದಿನ ನಾವಿಬ್ಬರೂ ಹೋಗಿ ಹದಿನಾಲ್ಕು ಕೆಂಪು ಬಾವುಟ ನೆಟ್ಟು ಬಂದೆವು. ಹಳೆಯ ದಾರಿ ಇನ್ನೂ ಒಡೆದಿಲ್ಲ. ದಿನಾ ಯಾರಾದರೊಬ್ಬರು ಬಾಗಿಲಿಗೆ ಬಂದು "ಎಲ್ಲಿ, ನಿನ್ನ ನೀರು?" ಎಂದು ಕೆಣಕುತ್ತಾರೆ. ಕೆಣಕಲಿ. ಅವರು ಕೆಣಕುವುದಕ್ಕೆ ಬದುಕಿದ್ದಾರೆ, ನನಗೆ ಅಷ್ಟು ಸಾಕು.

ಇದರ ಜೊತೆ ತಿಮಿಂಗಿಲದ ಚರ್ಮ ಒಂದು ಪೊಟ್ಟಣ ಕಳಿಸಿದ್ದೇನೆ. ತೆಳ್ಳಗೆ ಕೊಯ್ದು ಹಸಿಯಾಗಿಯೇ ತಿನ್ನು, ಬಸುರಿಗೆ ಒಳ್ಳೆಯದು. ಹೆರಿಗೆ ಸುಸೂತ್ರವಾಗಲಿ. ಮಗುವಿಗೆ ನಿನ್ನ ಹಟ, ಅವಳಪ್ಪನ ನಿದ್ದೆ ಬರಲಿ. ನಿಮ್ಮ ಮನೆ ಬೆಚ್ಚಗಿರಲಿ.

ನಿನ್ನ ಅಮ್ಮ,
ಬಿಬಿಯಾನೆ

ಮರೆತದ್ದು: ಮರೆತದ್ದು ಎಂದು ಬರೆದೆ, ಅದು ಸುಳ್ಳು. ಇಷ್ಟು ಹೊತ್ತೂ ಇದನ್ನೇ ಬರೆಯದೆ ತಪ್ಪಿಸಿಕೊಂಡೆ. ಚಿಕ್ಕಪ್ಪ ಕರೆದದ್ದು ನಿಜ. ಆದರೆ ಹೊರಡುವ ಮುಂಚೆ ನಿನ್ನಪ್ಪ ನಾನು ಹಿಮ ಕೊರೆದು ಕೇಳುತ್ತಿದ್ದ ಜಾಗದ ಹತ್ತಿರ ಬಂಡಿ ನಿಲ್ಲಿಸಿ "ಕೆಳಗೆ ಹೇಗಿದೆಯೇ?" ಎಂದು ಕೇಳಿದ. ನಾನು ತಲೆಯೆತ್ತದೆ "ಶಾಂತವಾಗಿದೆ, ಹೋಗು" ಎಂದೆ. ಪುಸ್ತಕದಲ್ಲೂ ಹಾಗೆಯೇ ಬರೆದೆ. ಅಪ್ಪನನ್ನು ಮಣ್ಣು ಮಾಡಿದ ವಾರ ಹಾನ್ಸೆರಾಕ್ ಆ ಪುಟ ನೋಡಿದ. "ಇದನ್ನ ಪಿಪಾಲುಕ್‌ಗೆ ತೋರಿಸ್ಬೇಡ ಅತ್ತಿಗೆ, ಅವಳಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಅನ್ನೋ ಹಾಗಾಗುತ್ತೆ" ಎಂದ. ಅಂದಿನಿಂದ ನಿನ್ನ ಸಿಟ್ಟನ್ನು ತಾನೇ ಹೊತ್ತ. ನಾನು ಹೊರಲು ಬಿಟ್ಟೆ. ಅವನಿಗೆ ಇವತ್ತೇ ಫೋನ್ ಮಾಡು.

ಅಪ್ಪನ ಹೆಸರು ಇಡು. ಹೆಸರಿನ ಜೊತೆ ಸತ್ತವರೇ ಮರಳುತ್ತಾರೆ ಎನ್ನುವ ನಮ್ಮ ರೂಢಿಯಂತೆ, ಆ ಹೆಸರು ಹೊತ್ತು ಬಂದವಳನ್ನು ನಾನು 'ನನ್ನ ಗಂಡ' ಎಂದೇ ಕರೆಯಬೇಕು, ಗೊತ್ತಲ್ಲ. ಅವನನ್ನು ಆ ಹಿಮದ ಮೇಲೆ ಕಳಿಸಿದವಳು ನಾನು. ಅವಳನ್ನು ನನ್ನ ಕೈಗೆ ಕೊಡಬೇಕೋ ಬೇಡವೋ, ನೀನು ಹೇಳು.