ಮೂಸಿ ದಂಡೆಯ ನೀಲಿ ನೊಣಹಿಡುಕ

ಹಿಮಾಯತ್‌ನಗರ, ರವಿವಾರ ಮಧ್ಯಾಹ್ನ

ಪ್ರೀತಿಯ ಗೋಪಿನಾಥಾ,

ಮನೆಯಲ್ಲಿ ಎಲ್ಲರೂ ಆರಾಮ. ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬೀದರಿನಿಂದ ನಿನ್ನ ತೊದಲು ದನಿ ಕೇಳಿದರೆ ನಾನು ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿನಗೊಂದು ಸಿಹಿಸುದ್ದಿ ಕೊಟ್ಟಿದ್ದೆನಲ್ಲ? ನಾವಿಬ್ಬರೂ ಹದಿನೈದು ಬೇಸಿಗೆ ಹಕ್ಕಿ ಎಣಿಸಿದ ಮೂಸಿ ದಂಡೆಯ ತೋಪಿನಲ್ಲಿ, ನೀನು ಹಾಸಿಗೆ ಹಿಡಿದ ಮೇಲೆ ನಾನೊಬ್ಬನೇ ಎಣಿಸಿದ ಮೂರು ಬೇಸಿಗೆ ನೀಲಿ ನೊಣಹಿಡುಕ ಹಾಡಲೇ ಇಲ್ಲ. ಪಟ್ಟಿಯಲ್ಲಿ ಅದರ ಮುಂದೆ ನಾನು ಬರೆದ ಸೊನ್ನೆಗಳೆಲ್ಲ ತಪ್ಪಿರಬೇಕು, ಹಕ್ಕಿ ಅಲ್ಲೇ ಇರಬೇಕು, ಕೆಟ್ಟದ್ದು ನನ್ನ ಕಿವಿ ಎಂದಿದ್ದೆ. ತೀರ ಸಣ್ಣಗಿನ, ಎತ್ತರದ ದನಿಗಳು ನಿಮಗೆ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಕುರ್ಚಿಯಲ್ಲೇ ನಕ್ಕಿದ್ದೆ. ಕಿವುಡನಾದ ಖುಷಿಗೆ ಬೇಗಂ ಬಜಾರಿನಿಂದ ಪೇಡೆ ತಂದವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ನೀನೂ ನಕ್ಕೆ. ಲಕ್ವಾ ಹೊಡೆದ ಮೇಲೆ ನೀನು ಹಾಗೆ ನಕ್ಕದ್ದು ಅದೇ ಮೊದಲು ಎಂದು ನಿನ್ನ ತಂಗಿ ಹೇಳಿದಳು.

ಇವತ್ತು ಅಣ್ಣನ ಮಗಳು ಸಂಪದಾಳನ್ನು ಕರೆದುಕೊಂಡು ಹೋದೆ. ಇಪ್ಪತ್ತೆರಡರ ಕಿವಿ. ಪಕ್ಕದ ಕೋಣೆಯಲ್ಲಿ ಫೋನು ನಡುಗಿದರೂ ಅವಳಿಗೆ ಗೊತ್ತಾಗುತ್ತದೆ. ವಾರವಿಡೀ ಆ ಹಾಡಿನ ರೆಕಾರ್ಡಿಂಗ್ ಕೇಳಿ ಕಲಿತಿದ್ದಳು. ಬೆಳಿಗ್ಗೆ ಐದೂಮುಕ್ಕಾಲಿಗೆ ಮೊದಲನೆಯ ಗುರುತಿನ ಮರದಡಿ ನಿಂತೆವು. ನಮ್ಮ ಪದ್ಧತಿಯಂತೆ ಐದು ನಿಮಿಷ ಮಾತಿಲ್ಲ, ಕೇಳಿದ್ದನ್ನಷ್ಟೇ ಬರೆಯುವುದು. ಪಿಕಳಾರ ಬರೆದಳು, ಸೂರಕ್ಕಿ ಬರೆದಳು, ಸಿಂಪಿಗ ಬರೆದಳು. ನನಗೆ ಕೇಳಿಸದವನ್ನೂ ಅವಳು ಬರೆಯುತ್ತ ಹೋದಂತೆ ನನಗೆ ಆಸೆ ಹೆಚ್ಚಿತು. ಹನ್ನೆರಡು ಮರ ಮುಗಿದವು. ನೊಣಹಿಡುಕದ ಮುಂದೆ ಹನ್ನೆರಡೂ ಸೊನ್ನೆ.

"ಇಲ್ಲರಿ ಕಾಕಾ, ಎಲ್ಲೂ ಕೇಳವಲ್ದು. ನೀವು ಬರದಿದ್ದ ಸೊನ್ನಿ ಖರೇನ ಐತಿ," ಅಂದಳು. ನನ್ನ ಕಿವಿಗೆ ಸಮಾಧಾನ ಹೇಳುತ್ತಿದ್ದಳು, ಪಾಪ.

ಆ ಹಕ್ಕಿಗೆ ಬೇಕಾದ ನೆರಳಿನ ಪೊದೆಗಳನ್ನೆಲ್ಲ ದಂಡೆ ಹಸನು ಮಾಡುವ ನೆಪದಲ್ಲಿ ಯಾರೋ ಸವರಿ ಹಾಕಿದ್ದಾರೆ. ಅದನ್ನು ಕಣ್ಣಾರೆ ನೋಡಿಯೂ ನಾನು ಕಿವಿಯನ್ನೇ ಬೈದುಕೊಂಡೆ. ಎಂಥ ಮಳ್ಳ ನೋಡು.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. "ಮರಿ ಮಾಡೋ ಹೊತ್ತಿನ್ಯಾಗ ಅದರ ಹಾಡು ಅದಕ್ಕ ಕೇಳಸಬ್ಯಾಡ, ಗೂಡು ಬಿಟ್ಟು ಜಗಳಕ್ಕ ಬರತೈತಿ" ಎಂದು ನೀನು ಹೇಳಿದ್ದನ್ನು ನಾನು ಎಂದೂ ಮೀರಿರಲಿಲ್ಲ. ಇವತ್ತು ಹಳ್ಳ ಬಂದು ಸೇರುವಲ್ಲಿ, ಅದು ಪ್ರತಿವರ್ಷ ಗೂಡು ಕಟ್ಟುತ್ತಿದ್ದ ಜಾಗದಲ್ಲಿ, ಸಂಪದಾಳ ಫೋನಿನಿಂದ ಹಾಡು ಹಾಕಿಸಿದೆ. ಆ ಹಾಡೂ ನನಗೆ ಕೇಳಿಸಲಿಲ್ಲ. ಅವಳ ಮುಖ ನೋಡುತ್ತ ನಿಂತೆ. ಸಿಟ್ಟಿನಿಂದಾದರೂ ಒಂದು ಗಂಡು ಹಾರಿ ಬರಲಿ ಎಂದು ಮೂರು ಸಲ ಹಾಕಿಸಿದೆ. ಬಿಸಿಲೇರಿತು, ಮನೆಗೆ ಬಂದೆವು.

ಔಷಧ ತಪ್ಪಿಸಬೇಡ. ದೇವರು ನಿನ್ನ ಕೈಕಾಲಿಗೆ ಬೇಗ ಕಸುವು ಕೊಡಲಿ. ಮಾತು ಮೀರಿದೆನೆಂದು ಬೇಜಾರಾಗಬೇಡ. ಅದರಿಂದ ಯಾವ ಗೂಡಿಗೂ ತೊಂದರೆಯಾಗಲಿಲ್ಲ.

ನಿನ್ನವನೇ ಆದ
ಅಮರೇಶಪ್ಪ