ನೋವಿನ ನರ ಸುಟ್ಟ ಮೇಲೆ

ಸೆರ್ವಾ,

ನೀನಿದ್ದಿದ್ದರೆ ಅಂಗಳದಿಂದಲೇ ಕೂಗಿ ಹೇಳುತ್ತಿದ್ದೆ: ನನ್ನ ಸೊಂಟ ನೋಯುತ್ತಿಲ್ಲ!

ಕಳೆದ ತಿಂಗಳು ಕುಮಾಸಿಯ ಆಸ್ಪತ್ರೆಯಲ್ಲಿ ನನ್ನನ್ನು ಬೋರಲು ಮಲಗಿಸಿದರು. ಎಕ್ಸ್‌ರೇಯವನು ಪರದೆಯಲ್ಲಿ ದಾರಿ ತೋರಿಸಿದಷ್ಟೇ ಡಾಕ್ಟರಮ್ಮ ಸೂಜಿ ಸರಿಸುತ್ತಿದ್ದರು. ಸೊಂಟದ ಕೀಲಿನ ನೋವನ್ನು ಹೊತ್ತು ತರುವ ನರವನ್ನು ಸೂಜಿಯ ತುದಿಯ ಬಿಸಿಯಿಂದ ಸುಡುತ್ತಾರಂತೆ.

"ಅಲ್ಲಾಡ್ಬೇಡಿ ಅಜ್ಜಾ."

"ನಿಮ್ಮಿಬ್ರ ತಾಳ ತಪ್ಪದಿದ್ರೆ ಸಾಕಮ್ಮಾ. ನಾನು ಫುಫು ಮುದ್ದೆ ಕುಟ್ತಿದ್ದೆ, ನನ್ನ ಹೆಂಡ್ತಿ ಪೆಟ್ಟು ಪೆಟ್ಟಿನ ನಡುವೆ ಒರಳಿಗೆ ಕೈ ಹಾಕಿ ತಿರುವ್ತಿದ್ಲು. ಒಂದಿನಾನೂ ಅವಳ ಬೆರಳಿಗೆ ಒನಕೆ ತಾಗ್ಲಿಲ್ಲ."

"ನಗಿಸ್ಬೇಡಿ, ನನ್ನ ಕೈ ಅಲ್ಲಾಡುತ್ತೆ!"

ನನ್ನ ಸೊಂಟ ಹಿಡಿದುಕೊಂಡಂದಿನಿಂದ ನಮ್ಮ ಮನೆಯಲ್ಲಿ ಅಂಗಡಿಯ ಪುಡಿ ಕಲಸಿದ ಫುಫುವೇ ಆಗಿತ್ತಲ್ಲ. "ಇದು ಗೋಡೆಗೆ ಮೆತ್ತೋಕೆ ಸರಿ," ಅನ್ನುತ್ತಲೇ ನೀನು ತಿನ್ನುತ್ತಿದ್ದೆ. ಕೊನೆಗೆ ಹಾಸಿಗೆ ಹಿಡಿದಾಗ ಅದನ್ನೂ ಅನ್ನಲಿಲ್ಲ.

ಇವತ್ತು ಮರಗೆಣಸು, ಬಾಳೆಕಾಯಿ ಬೇಯಿಸಿದೆ. ನಿನ್ನ ಒರಳು ತೊಳೆದು ಒನಕೆ ಎತ್ತಿದೆ. ಸೊಂಟ ಚಕಾರವೆತ್ತಲಿಲ್ಲ. ಒಂದು ಪೆಟ್ಟು ಹಾಕಿದೆ. ಆಮೇಲೆ ಒನಕೆಯನ್ನು ಮೇಲೆಯೇ ಹಿಡಿದು, ನಿನ್ನ ಕೈ ಸರಿಯಲೆಂದು ಕಾದು ನಿಂತೆ.